ಶಿವನ್‌ಮಲೆಯ ಸಾಕ್ಷಿಕಲ್ಲು

ಕಾಂಗೇಯಂ ಬಳಿಯ ಶಿವನ್‌ಮಲೆಯ ಮುರುಗನ ಗುಡಿಯಲ್ಲಿ, ಭಕ್ತರ ಕನಸಿನಲ್ಲಿ ದೇವರು ಸೂಚಿಸಿದ ವಸ್ತುವನ್ನು ಗಾಜಿನ ಪೆಟ್ಟಿಗೆಯಲ್ಲಿಡುತ್ತಾರೆ. ಅದು ಮುಂದಾಗುವುದರ ಸೂಚನೆಯೆಂದು ಜನ ನಂಬುತ್ತಾರೆ. ಹಿಂದಾದುದನ್ನು ನುಡಿಯುವ ಬಂಡೆ ಅವರ ಕಾಲಡಿಯಲ್ಲೇ ಇದೆ.

1901ರಲ್ಲಿ ಥಾಮಸ್ ಹಾಲೆಂಡ್ ವಿವರಿಸಿದ ಈ ನೆಫೆಲಿನ್ ಸಯನೈಟ್, ಬೆಣಚುಕಲ್ಲಿನ ಅಂಶವಿಲ್ಲದ, ಸೋಡಿಯಂ ಹೇರಳವಾದ ಕ್ಷಾರೀಯ ಅಗ್ನಿಶಿಲೆ. ಜೊತೆಗೆ ಮಾಣಿಕ್ಯದ ಕುಲದ ಕುರಂದವೂ ಉಂಟು. ಇಂಥ ಶಿಲೆ ಹೆಚ್ಚಾಗಿ ಹುಟ್ಟುವುದು ಭೂಖಂಡ ಸೀಳುವೆಡೆ. ಪರ್ವತಶ್ರೇಣಿ ಏಳುವುದು ಖಂಡಗಳು ಕೂಡುವೆಡೆ. ಹಾಗಾದರೆ ಇದು ಇಲ್ಲೇಕೆ?

2003ರಲ್ಲಿ ಕೆವಿನ್ ಬರ್ಕ್ ಮತ್ತು ಸಂಗಡಿಗರು ಇಂಥ ಶಿಲೆಗಳಿಗೆ ಒಂದು ವಿವರಣೆಯಿತ್ತರು: ಸೀಳು ಕಡಲಾಗಿ ತೆರೆದು, ಮರಳಿ ಮುಚ್ಚಿದಾಗ, ಅಂಚಿನ ಶಿಲೆ ಆಳದಲ್ಲಿ ಬೆಂದು, ನುಲಿದು, ಬೆಸುಗೆಯ ಗುರುತಾಯಿತು. ವಾದ ಇನ್ನೂ ಮುಗಿದಿಲ್ಲ. ಅವರ ಮಾತು ನಿಂತರೆ, ಅಗಲಿಕೆಯ ಕಲ್ಲೇ ಕೂಡಿಕೆಗೂ ಸಾಕ್ಷಿ.