ಅಜಾಮಿಳ ಕರೆದದ್ದು ಯಾರನ್ನ?

ಅಜಾಮಿಳನ ಕಥೆ ನಿಮಗೆಲ್ಲ ಗೊತ್ತೇ ಇರುತ್ತೆ. ಭಾಗವತದ ಆರನೇ ಸ್ಕಂಧದಲ್ಲಿ ಬರೋದು. ಕನ್ಯಾಕುಬ್ಜದ ಬ್ರಾಹ್ಮಣ, ಓದಿದವನು, ಆಚಾರವಂತ. ಒಂದಿನ ಕಾಡಿಂದ ದರ್ಭೆ, ಸಮಿತ್ತು ತರುವಾಗ ಒಬ್ಬಳನ್ನ ನೋಡಿ ಮನಸೋತ. ಅಪ್ಪ ಅಮ್ಮ, ಕಟ್ಟಿಕೊಂಡ ಹೆಂಡತಿ ಎಲ್ಲರನ್ನೂ ಬಿಟ್ಟ. ಜೂಜು, ಕಳ್ಳತನ, ಮೋಸ... ಹೀಗೇ 88 ವರ್ಷ ಆಯ್ತು. ಹತ್ತು ಮಕ್ಕಳಲ್ಲಿ ಕೊನೆಯವನ ಹೆಸರು ನಾರಾಯಣ. ಸಾಯೋ ಹೊತ್ತಲ್ಲಿ ಯಮದೂತರನ್ನ ಕಂಡು ಹೆದರಿ, ದೂರದಲ್ಲಿ ಆಡ್ತಿದ್ದ ಆ ಮಗನನ್ನ ಕೂಗಿದ. ವಿಷ್ಣುದೂತರು ಬಂದು ಪಾಶ ಬಿಡಿಸಿದ್ರು.

ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ಇದು ನಮಗೊಂದು ಜೋಕು. ಜೀವನಪೂರ್ತಿ ಏನು ಬೇಕಾದ್ರೂ ಬರಿ, ಕೊನೇ ಸಾಲಲ್ಲಿ ಒಂದು ಕೀವರ್ಡ್ ಹಾಕು, ಕಂಪೈಲ್ ಆಗುತ್ತೆ! :-)

ನಮ್ಮ ದೊಡ್ಡಪ್ಪ ದೇವರನ್ನ ಬಿಟ್ಟವರು. ವಾದ ಮಾಡೋ ನಾಸ್ತಿಕರಲ್ಲ. ನಾನು ಹುಟ್ಟೋಕೆ ಮುಂಚೆ ಅವರ ಒಬ್ಬಳೇ ಮಗಳು ಜ್ವರ ಬಂದು ಹೋದಳಂತೆ. ಆಮೇಲೆ ಅವರು ದೇವರ ಮನೆಗೆ ಕಾಲಿಡಲಿಲ್ಲ, ಅಷ್ಟೇ. ಹಬ್ಬಕ್ಕೆ ಬರೋರು, ಒಬ್ಬಟ್ಟು ತಿನ್ನೋರು, ಮಂಗಳಾರತಿ ಹೊತ್ತಿಗೆ ಹಿತ್ತಲಿಗೆ ಹೋಗೋರು. ಅಜ್ಜಿ ಒಂದು ಸಲಾನೂ ಬಾ ಅಂತ ಕರೀಲಿಲ್ಲ. ಆದ್ರೆ ದೇವಸ್ಥಾನದಲ್ಲಿ ಅರ್ಚನೆಗೆ ಅವರ ನಕ್ಷತ್ರ, ರಾಶಿ ಹೇಳೋದನ್ನ ಮಾತ್ರ ಬಿಡಲಿಲ್ಲ.

ದೊಡ್ಡಪ್ಪ ತೀರಿಕೊಂಡು ಮೂರು ವರ್ಷ ಆಯ್ತು. ಕೊನೇ ಎರಡು ದಿನ ಜ್ಞಾನ ಸರಿಯಾಗಿ ಇರಲಿಲ್ಲ. ನಮ್ಮಪ್ಪನ ಹೆಸರನ್ನೇ ಕರೀತಿದ್ರು. ನಮ್ಮನೇಲಿ ಎಲ್ಲರದ್ದೂ ದೇವರ ಹೆಸರೇ. ವೈಕುಂಠ ಸಮಾರಾಧನೆ ದಿನ ಅಜ್ಜಿ "ಕೊನೇಲಿ ಕರೆದನಲ್ಲ, ಸಾಕು" ಅಂದ್ಲು. ಅಪ್ಪಂಗೆ ಎಲ್ಲಿತ್ತೋ ಸಿಟ್ಟು, "ಅವನು ಕರೆದಿದ್ದು ನನ್ನನ್ನ ಅಮ್ಮಾ" ಅಂತ ಎದ್ದು ಹೋದ್ರು. "ಅಜಾಮಿಳನೂ ಮಗನ್ನೇ ಕರೆದಿದ್ದು" ಅಂದ್ಲು ಅಜ್ಜಿ.

ಅದಾದ ಮೇಲೇ ನಾನು ಮೂಲದ ಅನುವಾದ ತಂದು ಓದಿದ್ದು. ಕರೆದದ್ದು ಮಗನನ್ನ ಅನ್ನೋದನ್ನ ಭಾಗವತ ಮುಚ್ಚಿಡೋದೇ ಇಲ್ಲ. ಗೊತ್ತಿದ್ದೋ ಗೊತ್ತಿಲ್ಲದೆಯೋ ತಾಕಿದ್ರೂ ಬೆಂಕಿ ಕಟ್ಟಿಗೆಯನ್ನ ಸುಡಲ್ವಾ ಅನ್ನೋದು ವಿಷ್ಣುದೂತರ ವಾದ. ಹಾಸ್ಯಕ್ಕೆ ಹೇಳಿದ್ರೂ ನಡೆಯುತ್ತಂತೆ (ಹಾಗಾದ್ರೆ ನಮ್ಮ ಹಾಸ್ಟೆಲ್ ಜೋಕೂ ಲೆಕ್ಕಕ್ಕೆ ಬಂತು!). ನಾವು ಯಾರೂ ಹೇಳದೇ ಇದ್ದ ಒಂದು ವಿಷಯಾನೂ ಸಿಕ್ತು. ವಿಷ್ಣುದೂತರು ಅವನನ್ನ ಆಗಲೇ ವೈಕುಂಠಕ್ಕೆ ಒಯ್ಯಲ್ಲ. ಬಿಡಿಸಿ, ಮಾಯ ಆಗ್ತಾರೆ. ಅವನು ಎದ್ದು, ಮಾಡಿದ್ದನ್ನೆಲ್ಲ ನೆನೆದು ಅತ್ತು, ಗಂಗಾದ್ವಾರಕ್ಕೆ ಹೋಗಿ ಸಾಧನೆ ಮಾಡ್ತಾನೆ. ಅವರು ಮತ್ತೆ ಬರೋದು ಆಮೇಲೆ. ಅಂದ್ರೆ ಅವನಿಗೆ ಮೊದಲು ಸಿಕ್ಕಿದ್ದು ಮೋಕ್ಷ ಅಲ್ಲ, ಟೈಮು.

ದೊಡ್ಡಪ್ಪಂಗೆ ಆ ಟೈಮು ಸಿಗಲಿಲ್ಲ. ಅದಕ್ಕಿಂತ ನನ್ನ ಕಾಡೋದು ಇನ್ನೊಂದು. ಅಜಾಮಿಳ ಆಸೆಗೆ ಬಿದ್ದು ದಾರಿ ಬಿಟ್ಟವನು, ಅವನನ್ನ ಕ್ಷಮಿಸೋದು ದೇವರ ದೊಡ್ಡತನ, ಸರಿ. ಮಗಳನ್ನ ಕಳ್ಕೊಂಡು ಬಿಟ್ಟವರ ವಿಷಯದಲ್ಲಿ ಯಾರು ಯಾರನ್ನ ಕ್ಷಮಿಸಬೇಕು? ನಾನೂ ದೇವಸ್ಥಾನಕ್ಕೆ ಹೋಗಿ ವರ್ಷಗಳಾದವು, ಆದ್ರೆ ನನಗೆ ಅಂಥ ಕಾರಣ ಏನೂ ಇಲ್ಲ, ಬರೀ ಸೋಮಾರಿತನ.

ಹೋದ ಸಲ ಊರಿಗೆ ಹೋದಾಗ ಅಜ್ಜಿ ಹತ್ರ ಕೇಳೇಬಿಟ್ಟೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಮಗು ವಿಷಯ ಅವರಿಬ್ಬರೂ ಕೂತು ಮಾತಾಡ್ಕೋತಾರೆ ಬಿಡು, ನಿಂಗ್ಯಾಕೆ" ಅಂದು, ನೆನೆಸಿಟ್ಟ ಅವರೆಕಾಳಿನ ಪಾತ್ರೆ ನನ್ನ ಕಡೆ ತಳ್ಳಿದ್ಲು, ಹಿತುಕೋಕೆ.