ಅಪ್ಪನ ಬೂಟು, ಫೋರ್ಟಿನ ದಾರಿ

ಮುಂಬಯಿಗೆ ಊರಿಂದ ಯಾರೇ ಬರಲಿ, ಫೋರ್ಟ್ ತೋರಿಸಲು ನಡೆಸಿಕೊಂಡೇ ಹೋಗಬೇಕು. ಟ್ಯಾಕ್ಸಿಯಲ್ಲಿ ಕುಳಿತರೆ ಕಟ್ಟಡಗಳ ಕಾಲಷ್ಟೇ ಕಾಣುತ್ತವೆ, ತಲೆ ಕಾಣುವುದಿಲ್ಲ.

ಹೋದ ವರ್ಷ ಧಾರವಾಡದಿಂದ ಅಪ್ಪ ಬಂದಾಗ ಹಾಗೆಯೇ ಸುತ್ತಿಸಿದ್ದೆ. ರಾತ್ರಿ ಡೊಂಬಿವಲಿಯ ಮನೆಯಲ್ಲಿ ಅವರು ಕಾಲುಚೀಲ ತೆಗೆದಾಗ ಹಿಮ್ಮಡಿಯಲ್ಲಿ ರೂಪಾಯಿ ನಾಣ್ಯದಷ್ಟು ಗುಳ್ಳೆ ಒಡೆದು ಚರ್ಮ ಕಿತ್ತುಬಂದಿತ್ತು.

"ಹೇಳಬಾರದಿತ್ತಾ ಅಪ್ಪಾ?"

"ನನಗ ಗೊತ್ತಽ ಆಗಲಿಲ್ಲೋ."

ನನ್ನನ್ನು ಹೆದರಿಸಿದ್ದು ಆ ಮಾತು. ಅಪ್ಪನಿಗೆ ಹದಿನೈದು ವರ್ಷದ ಸಕ್ಕರೆ ಕಾಯಿಲೆ. ಅದು ಕಾಲಿನ ನರಗಳ ಸ್ಪರ್ಶವನ್ನೇ ಮೆಲ್ಲಗೆ ಕಸಿದುಕೊಳ್ಳುತ್ತದೆ. ಗಾಯ ಆದದ್ದು ತಿಳಿಯುವುದಿಲ್ಲ, ಆದದ್ದು ಬೇಗ ಮಾಯುವುದೂ ಇಲ್ಲ. ಆ ಗುಳ್ಳೆ ಒಣಗಲು ಒಂದೂವರೆ ತಿಂಗಳು ಬೇಕಾಯಿತು.

ಈ ಡಿಸೆಂಬರಿನಲ್ಲಿ ಅವರು ಮತ್ತೆ ಬಂದಾಗ ಮೊದಲು ದಾದರಿನ ಅಂಗಡಿಯೊಂದಕ್ಕೆ ಕರೆದೊಯ್ದೆ. ಹೋಗಿದ್ದು ಸಂಜೆ, ದಿನವಿಡೀ ಓಡಾಡಿದ ಕಾಲು ಸಂಜೆಗೆ ತುಸು ಊದಿರುತ್ತದೆ, ಬೆಳಿಗ್ಗೆ ಸರಿಹೋದ ಬೂಟು ಆಗ ಬಿಗಿಯುತ್ತದೆ.

"ನನ್ನ ನಂಬರ್ ಎಂಟು. ಮೂವತ್ತು ವರ್ಷ ಕಂಡಕ್ಟರಕಿ ಮಾಡೇನಿ, ನನ್ನ ಕಾಲು ನನಗ ಗೊತ್ತಿಲ್ಲೇನು?" ಎಂದರು. ನಿಲ್ಲಿಸಿ ಅಳೆದರೆ ಬಲಗಾಲು ಎಡಗಾಲಿಗಿಂತ ಉದ್ದ, ಎರಡೂ ಅಗಲ. ವಯಸ್ಸಾದಂತೆ ಪಾದ ಹರಡಿಕೊಳ್ಳುತ್ತದಂತೆ. ದೊಡ್ಡ ಕಾಲಿನ ಲೆಕ್ಕಕ್ಕೆ ಒಂಬತ್ತು ಬೇಕಿತ್ತು.

"ಹೇಗಿದೆ ಸಾಹೇಬ್, ಆರಾಮ್?" ಎಂದು ಅಂಗಡಿಯ ಹುಡುಗ ಕೇಳುತ್ತಲೇ ಇದ್ದ. ಅಪ್ಪ ಪ್ರತಿ ಜೋಡಿಗೂ "ಆರಾಮ ಐತಿ" ಅನ್ನುತ್ತಿದ್ದರು. ಸ್ಪರ್ಶವಿಲ್ಲದ ಕಾಲನ್ನು ಕೇಳಿ ಏನು ಉಪಯೋಗ? ಕಣ್ಣಿಂದಲೇ ನೋಡಬೇಕು. ಹಿಂದಿನ ದಿನವೇ ಅವರನ್ನು ಪೇಪರಿನ ಮೇಲೆ ನಿಲ್ಲಿಸಿ ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆದು ಕತ್ತರಿಸಿಟ್ಟಿದ್ದೆ. ಅದನ್ನು ಬೂಟಿನೊಳಗೆ ಇಟ್ಟೆ. ಅಂಚು ಮಡಚಿದರೆ ಆ ಬೂಟು ಬೇಡ. ಮೂರು ಜೋಡಿ ಹಾಗೆಯೇ ಬಿದ್ದುಹೋದವು.

ಉಳಿದವನ್ನು ಕೈಯಿಂದ ಪರೀಕ್ಷಿಸಿದೆ. ಮುಂದೆ ಉದ್ದನೆಯ ಬೆರಳಿನಾಚೆ ಒಂದು ಹೆಬ್ಬೆರಳಿನಗಲ ಜಾಗ. ಬಗ್ಗಿಸಿದರೆ ಬೆರಳುಗಳ ಬುಡದಲ್ಲಿ ಬಗ್ಗಬೇಕು, ನಡುವೆ ಅಲ್ಲ. ಒದ್ದೆ ಬಟ್ಟೆಯಂತೆ ಹಿಂಡಿದರೆ ಸುಲಭವಾಗಿ ತಿರುಚಬಾರದು. ಒಳಗೆ ಕೈಯಾಡಿಸಿದರೆ ಒರಟು ಹೊಲಿಗೆ ಸಿಗಬಾರದು. ಲೇಸು ಇರಲೇಬೇಕು, ಕಾಲು ಊದಿದಾಗ ಸಡಿಲಿಸಲು. ದಿಂಬಿನಂತೆ ಮೆತ್ತಗಿದ್ದ ಒಂದು ಜೋಡಿಯಲ್ಲಿ ಅಪ್ಪ ನಿಂತರೆ ತೂಗಾಡುತ್ತಿದ್ದರು, ಅದನ್ನೂ ಬಿಟ್ಟೆ. "ಬಿಳೀದು ಬ್ಯಾಡ, ಚುನಾವಣೆಗೆ ನಿಂತಂಗ ಕಾಣ್ತೇನಿ" ಎಂದು ಅಪ್ಪ ಬೂದು ಬಣ್ಣದ್ದನ್ನು ಹಿಡಿದರು.

ಕಾಲುಚೀಲ ಮಾತ್ರ ಬಿಳಿಯದೇ ಕೊಂಡೆ. ರಕ್ತ ಬಂದರೆ ಕಾಣಬೇಕು.

ಐದು ದಿನ ಮನೆಯಲ್ಲೇ ಹಾಕಿ ಓಡಾಡಿದರು, ಮೊದಲ ದಿನ ಅರ್ಧ ಗಂಟೆ, ಆಮೇಲೆ ಹೆಚ್ಚೆಚ್ಚು. ಆರನೇ ದಿನ ಹೊರಟೆವು.

ಅಪ್ಪನ ಬಾಯಲ್ಲಿ ಇನ್ನೂ ಬೋರಿಬಂದರ್ ಆಗಿರುವ ಸಿಎಸ್‌ಎಂಟಿಯಲ್ಲಿ ಇಳಿದು, 1888ರಲ್ಲಿ ಮುಗಿದ ಆ ಕಟ್ಟಡವನ್ನು ಎದುರಿನಿಂದ ನೋಡಿದೆವು. ಅಲ್ಲಿಂದ ಫ್ಲೋರಾ ಫೌಂಟನ್, ಕಾಲಾ ಘೋಡಾ, ಗೇಟ್‌ವೇ. ಫುಟ್‌ಪಾತಿನ ಕಲ್ಲುಗಳು ಒಂದೆಡೆ ಎದ್ದು, ಒಂದೆಡೆ ಕುಸಿದು, ಪ್ರತಿ ರಸ್ತೆಗೂ ಹತ್ತಿ ಇಳಿಸುತ್ತವೆ. ತಾಸಿಗೊಮ್ಮೆ ಎಲ್ಲಾದರೂ ಕೂರಿಸಿ ಬೂಟು ಬಿಚ್ಚಿಸಿ ಪಾದ ನೋಡಿದೆ. ಓವಲ್ ಮೈದಾನದ ಅಂಚಿನಲ್ಲಿ ಹಾಗೆ ಬಗ್ಗಿದ್ದಾಗ ಅಪ್ಪ ತಲೆಯೆತ್ತಿ ರಾಜಾಬಾಯಿ ಗೋಪುರದ ಗಡಿಯಾರ ನೋಡುತ್ತಾ, "ಮಂದಿ ನೋಡ್ತಾರೋ" ಎಂದರು. ನೋಡಲಿ.

ಸಂಜೆ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕೊನೆಯ ತಪಾಸಣೆ. ಕಾಲುಚೀಲ ಬಿಳಿಯಾಗಿಯೇ ಇತ್ತು. ಹಿಮ್ಮಡಿಯ ಹಳೆಯ ಕಲೆ ಬಿಟ್ಟರೆ ಕೆಂಪೂ ಇರಲಿಲ್ಲ.

ಅಪ್ಪ ಲೇಸು ಕಟ್ಟಿಕೊಂಡು ನನ್ನ ಕಾಲಿನತ್ತ ಕೈ ತೋರಿಸಿದರು. "ನಿನ್ನ ಬೂಟಿನ ತಳ ನೋಡಿಯೇನು?"

ತಿರುಗಿಸಿ ನೋಡಿದೆ. ಎರಡು ವರ್ಷ ಲೋಕಲ್ ಹಿಡಿಯಲು ಓಡಿದ ಬೂಟು, ಹಿಮ್ಮಡಿಯ ಹೊರಬದಿ ಪೂರ್ತಿ ಸವೆದು ಹೋಗಿತ್ತು.

"ನಾಳೆ ಸಂಜೀಕ ಅದೇ ಅಂಗಡಿಗೆ ಹೋಗೂಣು. ಪೇಪರ್ ನಾ ಕತ್ತರಸ್ತೇನಿ" ಎಂದರು.