ಸೂರ್ಯನ ಮೇಲೆ ಎರಡು ಚುಕ್ಕೆ

2016ರ ಮೇ 9ರ ಸಂಜೆ. ಬೇಸಿಗೆ ರಜೆ. ಮೈಸೂರಿನ ಮನೆಯೊಂದರ ತಾರಸಿಯ ಮೇಲೆ, ಹತ್ತನೇ ತರಗತಿಗೆ ಕಾಲಿಡಲಿದ್ದ ಹುಡುಗನೊಬ್ಬ ಅಪ್ಪನ ಡಿಜಿಟಲ್ ಕ್ಯಾಮೆರಾ ಹಿಡಿದು ಕಾದಿದ್ದ. ಬುಧಗ್ರಹ ಸೂರ್ಯಬಿಂಬದ ಮೇಲೆ ಹಾದುಹೋಗುವ ಅಪರೂಪದ ದಿನವದು. ಬೀಸುವ ಗಾಳಿಯಲ್ಲೇ ಮಾಮೂಲಿ ಲೆನ್ಸ್ ಕಳಚಿ 300 ಮಿ.ಮೀ. ಲೆನ್ಸ್ ಜೋಡಿಸಿದ. ಅದರ ಮುಂದೆ ಸೌರ ಫಿಲ್ಟರ್ ಭದ್ರಪಡಿಸಿ, ಹೊತ್ತು ಮುಳುಗುವವರೆಗೆ ಚಿತ್ರ ತೆಗೆದ.

ಒಂದು ಚಿತ್ರದಲ್ಲಿ ಕಪ್ಪು ಚುಕ್ಕೆ ಚೆನ್ನಾಗಿ ಮೂಡಿತ್ತು. ಅದನ್ನು ಓಣಿಯವರಿಗೆಲ್ಲ ತೋರಿಸಿದ್ದಾಯಿತು. ಅಜ್ಜನಂತೂ ಕೈಮುಗಿದೇಬಿಟ್ಟರು.

ಎಡವಟ್ಟಾದದ್ದು ತಂಗಿಯಿಂದ. ‘ಅಣ್ಣಾ, ಮುಂದಿನ ಚಿತ್ರದಲ್ಲಿ ಈ ಚುಕ್ಕೆ ಎಲ್ಲಿ ಹೋಯ್ತು?’

ಎರಡು ಚಿತ್ರಗಳ ನಡುವಿನ ಅಂತರ ಮೂರೇ ನಿಮಿಷ. ಸೂರ್ಯನನ್ನು ದಾಟಲು ಬುಧನಿಗೆ ಅಂದು ಬೇಕಾಗಿದ್ದುದು ಏಳು ಗಂಟೆಗೂ ಹೆಚ್ಚು. ಗ್ರಹವೊಂದು ಮೂರು ನಿಮಿಷದಲ್ಲಿ ಮಾಯವಾಗುವುದುಂಟೆ? ಹುಡುಗನ ಮುಖ ಸಪ್ಪಗಾಯಿತು.

ಮರುದಿನ ಬೆಳಿಗ್ಗೆ ಲೆನ್ಸಿನ ರಂಧ್ರವನ್ನು ಎಫ್/22ಕ್ಕೆ ಕಿರಿದುಗೊಳಿಸಿ ಬಿಳಿ ಗೋಡೆಯ ಚಿತ್ರ ತೆಗೆದ. ಅದೇ ಜಾಗದಲ್ಲಿ ಅದೇ ಚುಕ್ಕೆ! ಸೆನ್ಸರ್ ಮುಂದಿರುವ ತೆಳುಗಾಜಿನ ಮೇಲೆ ಧೂಳಿನ ಕಣ ಕುಳಿತಿತ್ತು. ರಂಧ್ರ ದೊಡ್ಡದಿದ್ದಾಗ ಬೆಳಕು ಹಲವು ದಿಕ್ಕಿನಿಂದ ಬಂದು ಕಣದ ನೆರಳನ್ನು ಅಳಿಸುತ್ತದೆ. ಕಿರಿದಾದಾಗ ನೆರಳು ಸ್ಪಷ್ಟವಾಗುತ್ತದೆ. ಸೂರ್ಯಬಿಂಬ ಆ ಕಣದ ಮೇಲೆ ಬಂದಾಗ ಮಾತ್ರ ‘ಬುಧ’ ಕಂಡಿದ್ದ. ಬಿಂಬ ಪಕ್ಕಕ್ಕೆ ಸರಿದಾಗ ಕಪ್ಪು ಹಿನ್ನೆಲೆಯಲ್ಲಿ ಕರಗಿಹೋಗಿದ್ದ.

‘ಫಿಲಂ ಕಾಲದಲ್ಲಿ ಧೂಳು ಬಿದ್ದರೂ ಆ ಚಿತ್ರದ ಜತೆಗೇ ಮುಂದೆ ಹೋಗ್ತಿತ್ತು. ಇದರಲ್ಲಿ ಪ್ರತಿ ಚಿತ್ರಕ್ಕೂ ಅದೇ ಸೆನ್ಸರ್ ನೋಡು,’ ಎಂದ ಅಪ್ಪ, ‘ಉಫ್’ ಎಂದು ಊದಲು ಬಾಗಿದರು.

‘ಬೇಡಪ್ಪಾ, ಎಂಜಲು ಸಿಡಿದರೆ ಇನ್ನೂ ಕಷ್ಟ!’

ಕರವಸ್ತ್ರವೂ ಬೇಡವೆಂದಾಯಿತು, ಒರೆಸಿದರೆ ಗಾಜಿಗೆ ಗೀರು ಬೀಳಬಹುದು. ಫ್ಯಾನ್ ನಿಲ್ಲಿಸಿದರು. ನಡುವೆ ಶಟರ್ ಮುಚ್ಚಿಕೊಳ್ಳದಿರಲೆಂದು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಮೆನುವಿನಲ್ಲಿ ಸೆನ್ಸರ್ ಶುಚಿಗೊಳಿಸುವ ಆಯ್ಕೆ ಒತ್ತಿದರು. ಕ್ಯಾಮೆರಾದ ಬಾಯಿ ಕೆಳಗೆ ಮಾಡಿ, ರಬ್ಬರ್ ಬುರುಡೆಯ ಮೂತಿ ಗಾಜಿಗೆ ತಾಗದಂತೆ ನಾಲ್ಕು ಸಲ ಗಾಳಿ ಒತ್ತಿದರು. ಮತ್ತೆ ಗೋಡೆಯ ಚಿತ್ರ ತೆಗೆದರೆ ಚುಕ್ಕೆ ಇರಲಿಲ್ಲ. ಹೋಗದೆ ಅಂಟಿಕೊಂಡಿದ್ದರೆ ತಿಳಿದವರ ಕೈಗೆ ಕೊಡುವುದೇ ಕ್ಷೇಮವಾಗಿತ್ತು.

ಹಾಗಾದರೆ ಬುಧ ಎಲ್ಲಿ? ಹುಡುಗ ಎಲ್ಲ ಚಿತ್ರಗಳನ್ನೂ ಹಿಗ್ಗಿಸಿ ನೋಡಿದ. ಅಂಚಿನ ಬಳಿ ಸಾಸಿವೆಗಿಂತ ಸಣ್ಣ ಚುಕ್ಕೆಯೊಂದು ಎಲ್ಲದರಲ್ಲೂ ಇತ್ತು. ಹೊತ್ತು ಕಳೆದಂತೆ ಸ್ವಲ್ಪ ಸ್ವಲ್ಪವೇ ಒಳಗೆ ಸರಿದಿತ್ತು. ಸೂರ್ಯಬಿಂಬದ ವ್ಯಾಸದಲ್ಲಿ ಸುಮಾರು 160ನೇ ಒಂದು ಭಾಗದಷ್ಟೇ ಇದ್ದ ನಿಜವಾದ ಬುಧ! ಅದನ್ನೇ ಅವನು ಧೂಳೆಂದು ಬಿಟ್ಟಿದ್ದ.

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಸಂಜೆ ಮತ್ತೆ ಓಣಿಯ ಮನೆಮನೆಗೂ ಹೋಗಿ, ‘ನಿನ್ನೆ ತೋರಿಸಿದ್ದು ಧೂಳು, ಬುಧ ಇಲ್ಲಿದ್ದಾನೆ’ ಎಂದ. ಕೆಲವರು ನಕ್ಕರು.

‘ನಾನು ಧೂಳಿಗೆ ಕೈಮುಗಿದೆನೇನೋ?’ ಎಂದ ಅಜ್ಜ, ಕನ್ನಡಕ ಸರಿಪಡಿಸಿಕೊಂಡು ಸಣ್ಣ ಚುಕ್ಕೆಯನ್ನು ಬಹಳ ಹೊತ್ತು ನೋಡಿದರು.

ಬುಧನ ಮುಂದಿನ ಸಂಕ್ರಮಣ 2032ರ ನವೆಂಬರ್ 13ರಂದು. ಅದು ಭಾರತಕ್ಕೂ ಕಾಣಲಿದೆ. ಆ ಎರಡು ಚಿತ್ರಗಳು ಮನೆಯ ಆಲ್ಬಮ್ಮಿನಲ್ಲಿ ಅಕ್ಕಪಕ್ಕ ಇವೆ. ಒಂದರ ಕೆಳಗೆ ‘ಬುಧ’, ಇನ್ನೊಂದರ ಕೆಳಗೆ ‘ಧೂಳು’. ಬರವಣಿಗೆ ತಂಗಿಯದು.